ಹಳೇ ಕೋವಿಯ ನಳಿಗೆ ಎಷ್ಟು ಸವೆದಿದೆ? ಅಳೆಯೋಕೆ ಯಾವ ಸಾಮಾನು ಬೇಕು?

ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಪಕ್ಕದ ತೋಟದ ಮಾವ ತಮ್ಮ ಜೋಡುನಳಿಗೆ ಕೋವಿ ಬಿಚ್ಚಿ, ನಳಿಗೆಯನ್ನು ಕಿಟಕಿ ಬೆಳಕಿಗೆ ಹಿಡಿದು, "ನೋಡು ಬಾ, ಕನ್ನಡಿ ಹಂಗಿದೆ" ಅಂದರು. ಇಣುಕಿದೆ. ನಿಜ, ಒಂದು ಚುಕ್ಕೆ ತುಕ್ಕೂ ಇರಲಿಲ್ಲ. ನನಗೆ ಹೆದರಿಕೆ ಆಗಿದ್ದೇ ಅಲ್ಲಿ. ಅವರ ತಂದೆ ಕೊಂಡಿದ್ದ ಇಂಗ್ಲೆಂಡಿನ ಕೋವಿ ಅದು. ನಮ್ಮ ಕೊಡಗಿನ ಎಷ್ಟೋ ಮಳೆಗಾಲ ಕಂಡಿದೆ, ಪ್ರತಿ ಚುನಾವಣೆಗೂ ಠೇವಣಿ ಹೋಗಿ ತಂಡಿ ಕೋಣೆಯಲ್ಲಿ ಕೂತು ಬಂದಿದೆ. ಅಂಥ ನಳಿಗೆ ಹೊಳೆಯುತ್ತಿದೆ ಅಂದರೆ ಯಾರೋ ಒಳಗಿಂದ ಉಜ್ಜಿದ್ದಾರೆ ಅಂತಲೇ ಅರ್ಥ. ಕೇಳಿದರೆ, "ಹೌದು, ಎರಡು ಸಲ ರಿಪೇರಿಗೆ ಕೊಟ್ಟಿದ್ದೆ" ಅಂದರು.

ತುಕ್ಕಿನ ಗುಳಿ ಹೋಗಬೇಕಾದರೆ ಸುತ್ತಲಿನ ಲೋಹವೂ ಹೋಗಬೇಕು. ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಅಂತ ಕಣ್ಣು ಹೇಳಲ್ಲ. ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡವರಲ್ಲಿ ಹೆಚ್ಚಿನವರದ್ದು ಅಪ್ಪ, ಅಜ್ಜನ ಕಾಲದ್ದೇ. ಅದಕ್ಕೇ ಈ ವಾರ ಗೊಬ್ಬರ, ಕೀಟ ಬಿಟ್ಟು ಈ ವಿಷಯ. (ಬೆಳೆ ರಕ್ಷಣೆ ಲೈಸೆನ್ಸ್ ಇದ್ದರೆ ಪ್ರಾಣಿ ಹೊಡೆಯೋ ಅನುಮತಿ ಇದ್ದಂತಲ್ಲ. ಅದು ವನ್ಯಜೀವಿ ಕಾಯ್ದೆಯ ಪ್ರಶ್ನೆ, ಬೇರೆಯೇ. ಬೆದರಿಸೋಕೆ ಹೊಡೆಯೋ ಗುಂಡಿಗೂ ನಳಿಗೆ ಗಟ್ಟಿ ಇರಲೇಬೇಕು.)

ಮೊದಲು ಎರಡು ಅಳತೆ ಬೇರೆ ಬೇರೆ ಅಂತ ತಿಳಿಯಬೇಕು. ಒಂದು, ನಳಿಗೆಯ ಒಳವ್ಯಾಸ, ಅಂದರೆ ಬೋರ್. ಒಂದು ಪೌಂಡ್ ಸೀಸವನ್ನು 12 ಸಮ ಗುಂಡು ಮಾಡಿದರೆ ಒಂದೊಂದು ಎಷ್ಟು ಅಗಲ ಬರುತ್ತೋ ಅದೇ 12 ಬೋರ್: 0.729 ಇಂಚು, ಅಂದರೆ 18.5 ಮಿ.ಮೀ. ಎರಡನೆಯದು ನಳಿಗೆಯ ದಪ್ಪ, ಒಳಮೈಗೂ ಹೊರಮೈಗೂ ನಡುವೆ ಉಳಿದಿರುವ ಉಕ್ಕು. ರಿಪೇರಿಯವರೂ ಲೇತ್‌ನವರೂ ಇದನ್ನು ಥೌ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ.

ಇಂಗ್ಲೆಂಡಿನ ಕೋವಿ ಆದರೆ ನಳಿಗೆಯ ಹಿಂಬದಿಯ ಚಪ್ಪಟೆ ತಳದಲ್ಲಿ ಪ್ರೂಫ್ ಮುದ್ರೆ ಇರುತ್ತದೆ. 1950ರ ದಶಕದ ಮಧ್ಯದಿಂದ ಈಚಿನದಾದರೆ .729 ಅಂತ ದಶಮಾಂಶದಲ್ಲಿ, ಇನ್ನೂ ಈಚಿನದಾದರೆ ಮಿ.ಮೀ.ನಲ್ಲಿ. ಅದಕ್ಕೂ ಹಳೆಯದರಲ್ಲಿ 12 ಅಥವಾ 13ರ ಕೆಳಗೆ 1 ಅಂತ ಕೆತ್ತಿರಬಹುದು. ಆ 13/1 ಅಂದರೆ .719 ಇಂಚು. ಅಲ್ಲಿನ ನಿಯಮದಲ್ಲಿ ಬೋರನ್ನು ಹಿಂಬದಿಯಿಂದ 9 ಇಂಚು ಒಳಗೆ ಅಳೆಯುತ್ತಾರೆ. ದಶಮಾಂಶ ಮುದ್ರೆಯ ಕೋವಿ ಮುದ್ರೆಗಿಂತ 10 ಥೌ ಹಿಗ್ಗಿದ್ದರೆ ಪ್ರೂಫ್ ತಪ್ಪಿತು ಅಂತ ಲೆಕ್ಕ. ದಪ್ಪಕ್ಕೆ ಕಾನೂನಿನ ಮಿತಿ ಇಲ್ಲ. ಆದರೆ ನಳಿಗೆಯ ಮುಂಭಾಗದಲ್ಲಿ 20 ಥೌಗಿಂತ, ಅಂದರೆ ಸುಮಾರು ಅರ್ಧ ಮಿ.ಮೀ.ಗಿಂತ ಕಡಿಮೆಯಾದರೆ ಆ ಕಸುಬಿನವರು ಒಪ್ಪಲ್ಲ. 25 ಥೌ ಇದ್ದರೆ ಸಮಾಧಾನ. ತೋಟಾ ಕೂರುವ ಹಿಂಬದಿಯಲ್ಲಿ ಒತ್ತಡ ಜಾಸ್ತಿ, ಅಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ದಪ್ಪ ಬೇಕು.

ಈಗ ಸಾಮಾನಿನ ವಿಷಯ. ಎಲ್ಲರ ಮನೆಯಲ್ಲೂ ಇರೋದು ವರ್ನಿಯರ್. ಅದರ ದವಡೆ ಒಂದೆರಡು ಸೆಂ.ಮೀ. ಮಾತ್ರ ಒಳಗೆ ಹೋಗುತ್ತದೆ. ಬಾಯಲ್ಲಿ ಅಳೆದರೆ ಸಿಗೋದು ಚೋಕ್, ಬೋರ್ ಅಲ್ಲ. ಬಾಯಲ್ಲಿ ನಳಿಗೆ ದಪ್ಪವಾಗಿ ಕಂಡರೂ ನಂಬಬೇಡಿ, ಚೋಕ್ ಇರುವಲ್ಲಿ ಉಕ್ಕು ಜಾಸ್ತಿ ಇರುತ್ತದೆ. ತೆಳು ಜಾಗ ಸಾಮಾನ್ಯವಾಗಿ ಅದಕ್ಕಿಂತ ಹಿಂದೆ, ನಳಿಗೆಯ ಮುಂದಿನ ಅರ್ಧದಲ್ಲಿ ಎಲ್ಲೋ ಇರುತ್ತದೆ.

ಬೋರ್ ಅಳೆಯೋಕೆ ಎಂಜಿನ್ ಕೆಲಸದವರ ಡಯಲ್ ಬೋರ್ ಗೇಜ್ ಆಗುತ್ತದೆ. ಅಂಗಡಿಯಲ್ಲಿ 18ರಿಂದ 35 ಮಿ.ಮೀ. ಅಳತೆಯದು ಸಿಗುತ್ತದೆ, 12 ಬೋರ್ ಅದರ ಅಂಚಿನಲ್ಲಿ ಕೂರುತ್ತದೆ. 16 ಬೋರ್ ಕೋವಿ ಸುಮಾರು 16.8 ಮಿ.ಮೀ., ಅದಕ್ಕೆ ಚಿಕ್ಕ ಗೇಜೇ ಬೇಕು. ಕೊಳ್ಳುವಾಗ ಹಿಡಿಯ ಉದ್ದ ಕೇಳಿ. ಎಷ್ಟೋ ಗೇಜ್ 15 ಸೆಂ.ಮೀ. ಆಳಕ್ಕೆ ನಿಲ್ಲುತ್ತವೆ, ನಮಗೆ ಬೇಕಾದ್ದು ಕನಿಷ್ಠ 23. ಹಿಂಬದಿಯಿಂದಲೇ ತೂರಿಸಬೇಕು, ಮುಂದಿನಿಂದ ಆದರೆ ಚೋಕ್ ಅಡ್ಡ ಬರುತ್ತದೆ. ಪ್ರತಿ ಸಲ ಮೈಕ್ರೋಮೀಟರನ್ನು 18.50ಕ್ಕೆ ಇಟ್ಟು, ಅದರ ನಡುವೆ ಗೇಜ್ ಹಿಡಿದು ಸೊನ್ನೆ ಮಾಡಿಕೊಳ್ಳಿ. ಬಫರ್ ಇಲ್ಲದೆ ಪಿಹೆಚ್ ಮೀಟರ್ ಅದ್ದಿ ಸುಣ್ಣದ ಲೆಕ್ಕ ಹಾಕುವವರನ್ನು ಕಂಡಿದ್ದೇನೆ. ಇದೂ ಅದೇ ಜಾತಿಯ ತಪ್ಪು.

ಹೊರವ್ಯಾಸದಿಂದ ಬೋರ್ ಕಳೆದು ಎರಡರಿಂದ ಭಾಗಿಸಿದರೆ ದಪ್ಪ ಬಂತಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಸರಾಸರಿ ಮಾತ್ರ. ತೂತು ನಟ್ಟನಡುವೆ ಇರುತ್ತದೆ ಅನ್ನೋ ಖಾತ್ರಿ ಇಲ್ಲ, ಒಂದು ಕಡೆ 30 ಥೌ ಇದ್ದು ಎದುರು ಕಡೆ 18 ಇರಬಹುದು. ಒಡೆಯೋದು ಸರಾಸರಿ ಅಲ್ಲ, ತೆಳು ಕಡೆ. ಅಲ್ಲಿ ಕೋವಿ ಹಿಡಿದವರ ಎಡಗೈ ಇರುತ್ತದೆ.

ಹಾಗಾಗಿ ದುಡ್ಡು ಹಾಕೋದಾದರೆ ದಪ್ಪ ಅಳೆಯೋ ಗೇಜಿಗೇ ಮೊದಲು ಹಾಕಿ ಅನ್ನೋದು ನನ್ನ ಅಭಿಪ್ರಾಯ. ಅದರ ರಚನೆ ಸರಳ. ಭಾರದ ಪೀಠದ ಮೇಲೆ ನಳಿಗೆಗಿಂತ ಉದ್ದದ ಗಟ್ಟಿ ಸರಳು, ಅದರ ತುದಿಯಲ್ಲಿ ಒಂದು ಸಣ್ಣ ಗುಂಡು. ನಳಿಗೆಯನ್ನು ಅದರ ಮೇಲಿಂದ ಇಳಿಸಬೇಕು. ಹೊರಗಡೆಯಿಂದ ಡಯಲ್ ಗೇಜಿನ ಮೊನೆ ಸರಿಯಾಗಿ ಆ ಗುಂಡಿನ ಎದುರೇ ತಾಗಬೇಕು. ನಳಿಗೆ ತಿರುಗಿಸುತ್ತಾ, ಎರಡೆರಡು ಇಂಚು ಸರಿಸುತ್ತಾ ಓದುತ್ತಾ ಹೋಗೋದು. ಜೋಡುನಳಿಗೆಯಲ್ಲಿ ನಡುವಿನ ಪಟ್ಟಿಯ ಅಡಿ ಅಳೆಯೋಕೆ ಆಗಲ್ಲ, ಉಳಿದ ಸುತ್ತನ್ನು ಬಿಡಬೇಡಿ. ಡಯಲ್ 0.01 ಮಿ.ಮೀ. ತೋರಿಸಿದರೆ ಸಾಕು, ಸರಳು ಬಾಗದೆ ಇರೋದೇ ಮುಖ್ಯ. ಅಡ್ಡ ಮಲಗಿಸಿ ಅಳೆಯೋ ಮಾದರಿಯಲ್ಲಿ ಸರಳು ಜಗ್ಗುತ್ತದೆ, ನಿಂತ ಮಾದರಿ ಮೇಲು. ಸರಿ ಇದೆಯಾ ಅಂತ ನೋಡೋಕೆ ಟ್ಯಾಪೆಟ್ ಸೆಟ್ ಮಾಡೋ ಫೀಲರ್ ಗೇಜಿನ 0.50 ಎಲೆಯನ್ನು ಗುಂಡು ಮತ್ತು ಮೊನೆಯ ನಡುವೆ ಹಿಡಿಯಿರಿ, ಡಯಲ್ 0.50 ತೋರಿಸಬೇಕು.

ಅಲ್ಟ್ರಾಸೋನಿಕ್ ಮೀಟರ್ ಅಗ್ಗಕ್ಕೆ ಸಿಗುತ್ತೆ, ತಗೊಳ್ಳಲಾ ಅಂತ ಒಬ್ಬರು ಕೇಳಿದ್ದರು. ಬೇಡ. ಅಗ್ಗದವು ಉಕ್ಕಿನಲ್ಲಿ ಸುಮಾರು 1.2 ಮಿ.ಮೀ.ಗಿಂತ ತೆಳುವನ್ನು ಓದಲ್ಲ. ನಮ್ಮ ಪ್ರಶ್ನೆ ಇರೋದೇ ಅದರ ಅರ್ಧದಲ್ಲಿ.

ಇನ್ನೊಂದು ಎಚ್ಚರಿಕೆ. ಲೈಸೆನ್ಸ್ ಇಲ್ಲದವರು ಕೋವಿ ರಿಪೇರಿ ಮಾಡೋದು 1959ರ ಆಯುಧ ಕಾಯ್ದೆಯಲ್ಲಿ ನಿಷಿದ್ಧ. ಆದ್ದರಿಂದ ನಳಿಗೆಯನ್ನು ಲೇತ್ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ನಾಲ್ಕೈದು ಮನೆಯವರು ಸೇರಿ ಗೇಜ್ ತಗೊಂಡರೆ ಗೇಜೇ ಮನೆಯಿಂದ ಮನೆಗೆ ಹೋಗಲಿ, ಕೋವಿ ಯಜಮಾನನ ಕಣ್ಣೆದುರೇ ಇರಲಿ. ತೋಟಾ ಇಲ್ಲ ಅಂತ ಎರಡು ಸಲ ನೋಡಿ, ನಳಿಗೆ ಬೇರೆ ಮಾಡಿ, ಆಮೇಲೆ ಅಳತೆ. ಇನ್ನು ಹಳೇ ಕೋವಿಯ ತೋಟಾ ಮನೆ 65 ಮಿ.ಮೀ. ಇರಬಹುದು. ಅದಕ್ಕೆ 70ರ ತೋಟಾ ಹಾಕಿದರೆ ಒತ್ತಡ ಏರುತ್ತದೆ, ಅದನ್ನೂ ಇದೇ ಹೊತ್ತಲ್ಲಿ ನೋಡಿಕೊಳ್ಳಿ.

ಮಾವನ ಕೋವಿಯಲ್ಲಿ ಮುದ್ರೆ .729. ಬಲ ನಳಿಗೆಯ ಬೋರ್ 18.70 ಬಂತು. ಹಿಗ್ಗಿದ್ದು 0.18 ಮಿ.ಮೀ., ಸುಮಾರು 7 ಥೌ, ನಿಯಮದೊಳಗೇ ಇದೆ. ಅವರು ಗೆದ್ದೆ ಅನ್ನೋ ಹಾಗೆ ನೋಡಿದರು. ಆಮೇಲೆ ದಪ್ಪ ನೋಡಿದರೆ ಬಾಯಿಂದ ಒಂದು ಅಡಿ ಹಿಂದೆ ಎಡ ಮಗ್ಗುಲಲ್ಲಿ 0.42. ರಿಪೇರಿಯವರು ಕಪ್ಪು ಬಣ್ಣ ಏರಿಸುವ ಮುಂಚೆ ಹೊರಮೈಯನ್ನೂ ಉಜ್ಜಿದ್ದಾರೆ. ಬೋರ್ ಗೇಜಿಗೆ ಅದು ಗೊತ್ತಾಗೋ ದಾರಿಯೇ ಇಲ್ಲ.

"ಮೊನ್ನೆ ಮಂಗ ಓಡಿಸೋಕೆ ಮೊಮ್ಮಗನ ಕೈಗೆ ಇದನ್ನೇ ಕೊಡ್ತೀನಿ ಅಂದಿದ್ದೆ" ಅಂದರು ಮಾವ. ಡಯಲನ್ನು ಇನ್ನೊಂದು ಸಲ ತಾವೇ ತಿರುಗಿಸಿ ನೋಡಿದರು, ಅದೇ 0.42. ಕೋವಿಯನ್ನು ಈಗ ಕೈಲ್ ಮುಹೂರ್ತದ ಪೂಜೆಗೆ ಮಾತ್ರ ಇಳಿಸುತ್ತಾರೆ. ಉಳಿದಿದ್ದ ತೋಟಾಗಳನ್ನು ಡೀಲರ್ ಹತ್ತಿರ ವಾಪಸ್ ಕೊಟ್ಟರು, ಮಂಗಕ್ಕೆ ಸದ್ಯ ತಗಡಿನ ಡಬ್ಬ ಬಡಿಯುತ್ತಿದ್ದೇವೆ.