ಹಡಗು ಒಪ್ಪಿದರೆ ಸಾಲದು, ದಡವೂ ಒಪ್ಪಬೇಕು

ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿ ಬಂದರಿನಿಂದ ವರ್ಷವಿಡೀ ವಿಹಾರ ಹಡಗುಗಳು ಹೊರಡುತ್ತವೆ. ‘ಕ್ರೂಸ್’ ಎಂದೇ ಎಲ್ಲರ ಬಾಯಲ್ಲಿರುವ ಈ ಪ್ರವಾಸದಲ್ಲಿ ಬಹಾಮಾಸ್, ಜಮೈಕಾ, ಮೆಕ್ಸಿಕೊದ ಕೋಜುಮೆಲ್ ಮೊದಲಾದ ಕಡೆ ಹಡಗು ಒಂದೊಂದು ಹಗಲು ನಿಲ್ಲುತ್ತದೆ. ಪ್ರಯಾಣಿಕರು ಇಳಿದು ಊರು ನೋಡಿ, ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ನಾಲ್ಕು ದಿನಕ್ಕೋ ವಾರಕ್ಕೋ ಹಡಗು ಹೊರಟ ಬಂದರಿಗೇ ಬಂದು ಸೇರುತ್ತದೆ. ಹೀಗೆ ಎರಡು ಮೂರು ದೇಶಗಳ ನೆಲ ಮೆಟ್ಟಿ ಬಂದರೂ ಅಮೆರಿಕದ ಪ್ರಜೆಯೊಬ್ಬ ಪಾಸ್‌ಪೋರ್ಟ್ ಇಲ್ಲದೆಯೇ ಪ್ರವಾಸ ಮುಗಿಸಬಹುದು. ಅಲ್ಲಿನ ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ.

ಅದೇ ಹಡಗಿನಲ್ಲಿ, ಅದೇ ಊಟದ ಮೇಜಿನ ಎದುರು ಬದಿಯಲ್ಲಿ ಕುಳಿತಿರುವ ಭಾರತದ ಪ್ರಜೆಗೆ ಈ ಸೌಲಭ್ಯವಿಲ್ಲ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ, ಅವರ ಜತೆ ಕ್ರೂಸ್ ಹತ್ತುವ ಕನ್ನಡನಾಡಿನ ತಂದೆ ತಾಯಂದಿರು ಈಗ ಕಡಿಮೆಯೇನಿಲ್ಲ. ಮಗನಿಗೆ ಅಮೆರಿಕದ ಪೌರತ್ವ, ಸೊಸೆಗೆ ಹಸಿರು ಕಾರ್ಡ್, ಹೆತ್ತವರಿಗೆ ಪ್ರವಾಸಿ ವೀಸಾ, ಮೊಮ್ಮಗುವಿಗೆ ಜನನ ಪ್ರಮಾಣಪತ್ರ. ಒಂದೇ ಮನೆಯವರಿಗೆ ನಾಲ್ಕು ಬಗೆಯ ನಿಯಮ! ಹೀಗಿರುವಾಗ ಪಾಸ್‌ಪೋರ್ಟ್ ಒಯ್ಯಬೇಕೇ ಬೇಡವೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಹೇಗೆ ಸಾಧ್ಯ?

ಹೊರಟಲ್ಲಿಗೇ ಮರಳುವ ಪ್ರಯಾಣ

ಈ ರಿಯಾಯಿತಿಯ ಹಿಂದೆ ಒಂದು ಇತಿಹಾಸವಿದೆ. ಬಹುಕಾಲ ಅಮೆರಿಕದ ಪ್ರಜೆಗಳು ಕೆನಡಾ, ಮೆಕ್ಸಿಕೊ ಹಾಗೂ ಕ್ಯಾರಿಬಿಯನ್ ದ್ವೀಪಗಳಿಗೆ ಪಾಸ್‌ಪೋರ್ಟ್ ಇಲ್ಲದೆ ಹೋಗಿಬರುತ್ತಿದ್ದರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಗಡಿ ಬಿಗಿಯಾಯಿತು. 2004ರಲ್ಲಿ ಬಂದ ಕಾನೂನಿನ ಪ್ರಕಾರ ವಿಮಾನದಲ್ಲಿ ಮರಳುವವರಿಗೆ 2007ರ ಜನವರಿಯಿಂದ, ನೆಲ ಮತ್ತು ಜಲಮಾರ್ಗದಲ್ಲಿ ಮರಳುವವರಿಗೆ 2009ರ ಜೂನ್ 1ರಿಂದ ಪಾಸ್‌ಪೋರ್ಟ್ ಅಥವಾ ಅದಕ್ಕೆ ಸಮನಾದ ದಾಖಲೆ ಕಡ್ಡಾಯವಾಯಿತು.

ಆದರೆ ವಿಹಾರ ಹಡಗುಗಳಿಗೆ ಒಂದು ಬಾಗಿಲು ತೆರೆದಿಡಲಾಯಿತು. ಹಡಗು ಅಮೆರಿಕದ ಒಂದು ಬಂದರಿನಿಂದ ಹೊರಟು, ಸುತ್ತಲಿನ ದೇಶಗಳನ್ನು ಮುಟ್ಟಿ, ಅದೇ ಬಂದರಿಗೆ ಮರಳುವುದಾದರೆ ಅಮೆರಿಕದ ಪ್ರಜೆಗೆ ಜನನ ಪ್ರಮಾಣಪತ್ರ ಮತ್ತು ಸರಕಾರ ಕೊಟ್ಟ ಭಾವಚಿತ್ರವಿರುವ ಗುರುತಿನ ಚೀಟಿ ಸಾಕು. ಹದಿನಾರು ವರ್ಷದೊಳಗಿನ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಸಾಕು. ಒಂದು ಬಂದರಿನಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುವ ಪ್ರಯಾಣಕ್ಕೆ ಈ ರಿಯಾಯಿತಿ ಇಲ್ಲ.

ಅಮೆರಿಕದಿಂದ ಹೊರಡುವ ಕ್ರೂಸ್‌ಗಳು ಪರದೇಶದ ಬಂದರನ್ನು ಮುಟ್ಟಿ ಬರುವುದಕ್ಕೂ ಕಾರಣ ಒಂದು ಹಳೆಯ ಕಾನೂನೇ. ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ಸಾಗಿಸಬಾರದೆಂದು 1886ರಲ್ಲಿ ಅಲ್ಲಿನ ಸಂಸತ್ತು ಕಾಯಿದೆ ಮಾಡಿತು. ಸ್ವದೇಶಿ ಹಡಗು ಉದ್ಯಮದ ರಕ್ಷಣೆ ಅದರ ಉದ್ದೇಶ. ಇಂದಿನ ದೊಡ್ಡ ವಿಹಾರ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ ಮುಂತಾದ ದೇಶಗಳಲ್ಲಿ ನೋಂದಣಿಯಾದವು. ಆದ್ದರಿಂದಲೇ ಸಿಯಾಟಲ್‌ನಿಂದ ಅಲಾಸ್ಕಾ ನೋಡಲು ಹೊರಟ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆಯಾದರೂ ನಿಂತು ಬರುತ್ತದೆ. ಪ್ರಯಾಣಿಕನಿಗೆ ಅದು ಇನ್ನೊಂದು ಊರು ನೋಡುವ ಅವಕಾಶ. ಹಡಗಿನವರಿಗೆ ಅದು ಕಾನೂನು ಪಾಲನೆ.

ಕಾಗದವಿಲ್ಲದ ಕಾಲ

ಹಡಗು ಪ್ರಯಾಣಕ್ಕೆ ಪಾಸ್‌ಪೋರ್ಟ್ ಕಡ್ಡಾಯವಾದದ್ದು ಅಂಥ ಪುರಾತನ ಸಂಗತಿಯೇನಲ್ಲ. ‘ರಹದಾರಿ’ ಎಂಬ ಮಾತು ಕನ್ನಡಕ್ಕೆ ಪಾರಸಿ ಮೂಲದಿಂದ ಬಂದದ್ದು. ದಾರಿಯಲ್ಲಿ ತಡೆಯದೆ ಬಿಡಿ ಎನ್ನುವ ಪರವಾನಗಿ ಅದು. ಇಂಥ ಪತ್ರಗಳು ಹಿಂದೆಯೂ ಇದ್ದವು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನ ಬಹುಪಾಲು ದೇಶಗಳಲ್ಲಿ ಜನ ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟುತ್ತಿದ್ದರು. ಟಿಕೆಟ್ ಕೊಳ್ಳಲು ಹಣವಿದ್ದರೆ ಹಡಗು ಹತ್ತಬಹುದಿತ್ತು.

ಹಾಗೆಂದು ಎಲ್ಲರಿಗೂ ದಡ ತೆರೆದಿತ್ತೆಂದು ಭಾವಿಸಬೇಕಿಲ್ಲ. ಬೇಡವಾದವರನ್ನು ತಡೆಯಲು ಪಾಸ್‌ಪೋರ್ಟ್ ಕೇಳದೆ, ಪ್ರಯಾಣದ ರೀತಿಯನ್ನೇ ಕೇಳಿದ ಉದಾಹರಣೆ ಇದೆ. ಸ್ವದೇಶದಿಂದ ಎಲ್ಲೂ ಪ್ರಯಾಣ ಮುರಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂದು ಕೆನಡಾ 1908ರಲ್ಲಿ ನಿಯಮ ಮಾಡಿತು. ಭಾರತದಿಂದ ಅಲ್ಲಿಗೆ ನೇರ ಹಡಗಿನ ಸೌಕರ್ಯವೇ ಇರಲಿಲ್ಲ. ಭಾರತೀಯರ ಹೆಸರೆತ್ತದೆ ಭಾರತೀಯರನ್ನು ದೂರವಿಡುವ ಉಪಾಯವದು.

1914ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಹೊರಟ ‘ಕೊಮಗಾಟ ಮಾರು’ ಹಡಗಿನಲ್ಲಿದ್ದ 376 ಭಾರತೀಯರು ಈ ನಿಯಮಕ್ಕೆ ಸಿಲುಕಿದರು. ಅವರಲ್ಲಿ ಬಹುತೇಕರು ಪಂಜಾಬಿನ ಸಿಖ್ಖರು. ಮೇ 23ರಂದು ವ್ಯಾಂಕೂವರ್ ತಲುಪಿದ ಹಡಗಿನಿಂದ ಕೆಲವರನ್ನು ಬಿಟ್ಟು ಉಳಿದವರನ್ನು ಇಳಿಯಗೊಡಲಿಲ್ಲ. ತಾವೂ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳೇ ಎಂಬ ಅವರ ವಾದ ನಡೆಯಲಿಲ್ಲ. ಎರಡು ತಿಂಗಳು ದಡ ನೋಡುತ್ತ ನಿಂತಿದ್ದ ಹಡಗು ಜುಲೈ 23ರಂದು ಹಿಂದಿರುಗಿತು. ಸೆಪ್ಟೆಂಬರ್ ಕೊನೆಯಲ್ಲಿ ಕಲ್ಕತ್ತೆಯ ಹತ್ತಿರದ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿ ಹಲವರು ಸತ್ತರು. 2016ರಲ್ಲಿ ಕೆನಡಾದ ಪ್ರಧಾನಿ ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದರು.

ಆ ಹಡಗು ಹಿಂದಿರುಗುತ್ತಿದ್ದಾಗಲೇ ಮೊದಲ ಮಹಾಯುದ್ಧ ಆರಂಭವಾಯಿತು. ಗೂಢಚಾರರ ಭಯ, ಸೇನೆಗೆ ಸೇರಬೇಕಾದವರು ದೇಶ ಬಿಟ್ಟಾರೆಂಬ ಭಯ ಎಲ್ಲ ಸರಕಾರಗಳನ್ನೂ ಕಾಡಿತು. 1915ರಲ್ಲಿ ಬ್ರಿಟನ್ ಭಾವಚಿತ್ರ, ಚಹರೆಯ ವಿವರಗಳುಳ್ಳ ಪಾಸ್‌ಪೋರ್ಟ್ ತಂದಿತು. ಭಾರತದಲ್ಲಿ 1917ರಲ್ಲಿ ಯುದ್ಧಕಾಲದ ಪಾಸ್‌ಪೋರ್ಟ್ ನಿಯಮಗಳು ಬಂದವು. ಯುದ್ಧ ಮುಗಿದರೂ ಕಾಗದ ಹೋಗಲಿಲ್ಲ. 1920ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮ್ಮೇಳನ ಮೂವತ್ತೆರಡು ಪುಟದ ಪುಸ್ತಿಕೆಯ ಮಾದರಿಯನ್ನು ಗೊತ್ತುಮಾಡಿತು. ಅದೇ ವರ್ಷ ಭಾರತ ಪ್ರವೇಶಕ್ಕೆ ಪಾಸ್‌ಪೋರ್ಟ್ ಕಡ್ಡಾಯ ಮಾಡುವ ಕಾಯಿದೆ ಇಲ್ಲಿ ಬಂತು. ಆ ಕಾಯಿದೆ ನೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿ, 2025ರಲ್ಲಿ ಹೊಸ ವಲಸೆ ಕಾನೂನು ಬಂದ ಮೇಲಷ್ಟೇ ರದ್ದಾಯಿತು.

ಮಯಾಮಿಯ ದೀಪಗಳು

ಇಂದು ಕ್ರೂಸ್‌ಗಳು ಓಡಾಡುವ ಕ್ಯಾರಿಬಿಯನ್ ಸೀಮೆಯಲ್ಲೇ, 1939ರಲ್ಲಿ, ಕಾಗದದ ಬೆಲೆ ಏನೆಂಬುದನ್ನು ಜಗತ್ತು ಕಂಡಿತು. ಆ ವರ್ಷದ ಮೇ 13ರಂದು ಜರ್ಮನಿಯ ಹ್ಯಾಂಬರ್ಗ್‌ನಿಂದ ‘ಸೇಂಟ್ ಲೂಯಿ’ ಎಂಬ ಹಡಗು 937 ಪ್ರಯಾಣಿಕರೊಡನೆ ಕ್ಯೂಬಾಕ್ಕೆ ಹೊರಟಿತು. ಅವರಲ್ಲಿ ಬಹುತೇಕ ಎಲ್ಲರೂ ಹಿಟ್ಲರನ ಕೈಯಿಂದ ತಪ್ಪಿಸಿಕೊಳ್ಳುತ್ತಿದ್ದ ಯಹೂದಿಗಳು. ಪ್ರವಾಸಿಗರಿಗೆ ಸಲ್ಲುವ ಎಲ್ಲ ಉಪಚಾರವೂ ಹಡಗಿನಲ್ಲಿ ಅವರಿಗೆ ದೊರೆಯಿತು. ಅವರ ಕೈಯಲ್ಲಿ ಕ್ಯೂಬಾದಲ್ಲಿ ಇಳಿಯುವ ಪರವಾನಗಿ ಇತ್ತು. ಆದರೆ ಹಡಗು ಹೊರಡುವ ಮುನ್ನವೇ ಕ್ಯೂಬಾ ಸರಕಾರ ಆ ಪರವಾನಗಿಗಳನ್ನು ರದ್ದು ಮಾಡಿತ್ತು.

ಹವಾನಾದಲ್ಲಿ ಬೇರೆ ಸರಿಯಾದ ದಾಖಲೆಗಳಿದ್ದ 28 ಮಂದಿಗೆ ಇಳಿಯಲು ಅನುಮತಿ ಸಿಕ್ಕಿತು. ಉಳಿದವರನ್ನು ಹೊತ್ತ ಹಡಗು ಫ್ಲಾರಿಡಾ ತೀರದ ಬಳಿ ಸುಳಿಯಿತು. ಮಯಾಮಿಯ ದೀಪಗಳು ಅವರ ಕಣ್ಣಿಗೆ ಬೀಳುತ್ತಿದ್ದವು. ಅಮೆರಿಕವೂ ಬಾಗಿಲು ತೆರೆಯಲಿಲ್ಲ. ಹಡಗು ಯೂರೋಪಿಗೆ ಮರಳಿತು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್ ಅವರನ್ನು ಹಂಚಿಕೊಂಡವು. ಮುಂದೆ ಯುದ್ಧ ಹಬ್ಬಿದಾಗ ಅವರಲ್ಲಿ 254 ಮಂದಿ ನಾಜಿಗಳ ನರಮೇಧದಲ್ಲಿ ಬಲಿಯಾದರು.

ವಿಹಾರಕ್ಕೆ ಹೊರಟ ಇಂದಿನ ಪ್ರಯಾಣಿಕನ ತೊಂದರೆಯನ್ನು ಈ ದುರಂತಗಳ ಜತೆ ತೂಗುವುದು ತರವಲ್ಲ. ಆದರೂ ಈ ಹಡಗುಗಳು ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತವೆ. ಹತ್ತಿಸಿಕೊಳ್ಳುವುದು ಹಡಗಿನವರ ಕೈಯಲ್ಲಿದೆ, ಇಳಿಸಿಕೊಳ್ಳುವುದು ದಡದವರ ಕೈಯಲ್ಲಿದೆ.

ದಾರಿ ಮುರಿದಾಗ

ಅಮೆರಿಕದ ರಿಯಾಯಿತಿ ನಿಂತಿರುವುದು ಒಂದು ನಂಬಿಕೆಯ ಮೇಲೆ. ಹೊರಟವರೆಲ್ಲ ಹೊರಟ ಹಡಗಿನಲ್ಲೇ, ಹೊರಟ ಬಂದರಿಗೇ ಮರಳುತ್ತಾರೆ ಎಂಬುದೇ ಆ ನಂಬಿಕೆ. ಆದರೆ ನಡುದಾರಿಯಲ್ಲಿ ಹೃದಯಾಘಾತವಾಗಿ ದ್ವೀಪದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ? ಊರಿನಲ್ಲಿ ಸಾವಿನ ಸುದ್ದಿ ಬಂದರೆ? ಪೇಟೆ ಸುತ್ತಿ ಬರುವಷ್ಟರಲ್ಲಿ ಹಡಗು ಹೊರಟುಹೋಗಿದ್ದರೆ? ಆಗ ಉಳಿಯುವುದು ವಿಮಾನವೊಂದೇ. ವಿಮಾನಕ್ಕೆ ಜನನ ಪ್ರಮಾಣಪತ್ರ ನಡೆಯುವುದಿಲ್ಲ. ಅಮೆರಿಕ 2008ರಿಂದ ಕೊಡುತ್ತಿರುವ ಕಿಸೆಯಲ್ಲಿಡುವ ‘ಪಾಸ್‌ಪೋರ್ಟ್ ಕಾರ್ಡ್’ ಸಹ ವಿದೇಶದಿಂದ ವಿಮಾನ ಹತ್ತಲು ಉಪಯೋಗಕ್ಕೆ ಬಾರದು. ದೂತಾವಾಸ ಹುಡುಕಿ ತುರ್ತು ಪಾಸ್‌ಪೋರ್ಟ್ ಮಾಡಿಸಬೇಕು. ರೋಗಿಯ ಬಳಿ ಇರಬೇಕಾದ ಹೊತ್ತು ಕಚೇರಿಯ ಸರತಿಯಲ್ಲಿ ಕಳೆಯುತ್ತದೆ.

ಹಡಗೇ ದಾರಿ ಬದಲಿಸಬೇಕಾಗಿ ಬರುವುದೂ ಉಂಟು. 2020ರ ಫೆಬ್ರವರಿ 1ರಂದು ಹಾಂಗ್‌ಕಾಂಗ್‌ನಿಂದ ಹೊರಟ ‘ವೆಸ್ಟರ್‌ಡಾಮ್’ ಎಂಬ ವಿಹಾರ ಹಡಗು ಜಪಾನಿನಲ್ಲಿ ಪ್ರವಾಸ ಮುಗಿಸಬೇಕಿತ್ತು. ಕೊರೋನಾ ಭಯದಿಂದ ಫಿಲಿಪ್ಪೀನ್ಸ್, ತೈವಾನ್, ಜಪಾನ್, ಥಾಯ್ಲೆಂಡ್ ಅದನ್ನು ಸೇರಿಸಲಿಲ್ಲ. ಅಮೆರಿಕದ ಆಡಳಿತದಲ್ಲಿರುವ ಗುವಾಮ್ ದ್ವೀಪವೂ ಒಲ್ಲೆನೆಂದಿತು. ಕೊನೆಗೆ ಫೆಬ್ರವರಿ 13ರಂದು ಕಾಂಬೋಡಿಯಾದ ಸಿಹಾನೂಕ್‌ವಿಲ್ ಬಂದರು ದಾರಿ ಕೊಟ್ಟಿತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಯೋಚಿಸಿಯೂ ಇರದ ದೇಶದಿಂದ ಮನೆ ಸೇರುವ ದಾರಿ ಹುಡುಕಬೇಕಾಯಿತು.

ಭಾರತೀಯರಿಗೆ ಯಾವುದು ಬೇಕು?

ಮುಂಬಯಿಯಿಂದ ಗೋವಾಕ್ಕೆ, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಬೇಡ. ಭಾವಚಿತ್ರವಿರುವ ಗುರುತಿನ ಚೀಟಿ ಸಾಕು. ಆದರೆ ಲಕ್ಷದ್ವೀಪ ನಮ್ಮದೇ ನೆಲವಾದರೂ ಪ್ರತ್ಯೇಕ ಪ್ರವೇಶ ಪರವಾನಗಿ ಬೇಕು. 1967ರ ನಿಯಮಗಳು ಅದನ್ನು ವಿಧಿಸಿವೆ. ಹಾಗೆ ನೋಡಿದರೆ 1961ರ ಡಿಸೆಂಬರ್‌ವರೆಗೆ ಕಾರವಾರದವರಿಗೆ ಮಗ್ಗುಲಿನ ಗೋವಾವೇ ಪರರಾಜ್ಯವಾಗಿತ್ತು. ಕಡಲು ಇದ್ದಲ್ಲೇ ಇತ್ತು, ಗಡಿ ಸರಿಯಿತು.

ಪರದೇಶದ ಬಂದರು ಮುಟ್ಟುವ ಹಡಗಾದರೆ ಭಾರತದ ಪ್ರಜೆಗೆ ಪಾಸ್‌ಪೋರ್ಟ್ ಇರಲೇಬೇಕು. ಮರಳುವ ದಿನದ ಆಚೆಗೂ ಆರು ತಿಂಗಳ ಅವಧಿ ಉಳಿದಿರುವುದು ಕ್ಷೇಮ. ಹಡಗು ಸಿಂಗಪುರದಿಂದ ಹೊರಟು ಸಿಂಗಪುರಕ್ಕೇ ಮರಳಿದರೂ, ಮಯಾಮಿಯಿಂದ ಹೊರಟು ಮಯಾಮಿಗೇ ಮರಳಿದರೂ ನಡುವೆ ಹೊರದೇಶಕ್ಕೆ ಹೋಗಿ ಬಂದಂತೆಯೇ ಲೆಕ್ಕ. ಆದ್ದರಿಂದ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಬಹುದಾದ ವೀಸಾ ಬೇಕು. ನಡುವಿನ ದೇಶಗಳ ವೀಸಾ ನಿಯಮಗಳನ್ನು ಒಂದೊಂದಾಗಿ ವಿಚಾರಿಸಬೇಕು.

ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿ ದುಡಿಯುವವರಿಗೆ ಇನ್ನೊಂದು ತೊಡಕಿದೆ. ಪಾಸ್‌ಪೋರ್ಟಿನಲ್ಲಿರುವ ವೀಸಾದ ಅವಧಿ ಮುಗಿದಿದ್ದರೂ ಅಲ್ಲಿ ಇರಲು ಅನುಮತಿ ಇದ್ದವರು ಕೆನಡಾ ಅಥವಾ ಮೆಕ್ಸಿಕೊಕ್ಕೆ ಮೂವತ್ತು ದಿನದೊಳಗೆ ಹೋಗಿಬರಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಪಕ್ಕದ ದ್ವೀಪಗಳಿಗೂ ಈ ಸೌಲಭ್ಯ ಅನ್ವಯಿಸುವುದು ವಿದ್ಯಾರ್ಥಿ ಹಾಗೂ ವಿನಿಮಯ ವೀಸಾದವರಿಗೆ ಮಾತ್ರ. ಬಹಾಮಾಸ್‌ಗೆ ಹೊರಟ ಎಂಜಿನಿಯರ್ ಇದನ್ನು ಗಮನಿಸದಿದ್ದರೆ ಮೂರು ದಿನದ ವಿಹಾರ ಕೆಲಸಕ್ಕೇ ಸಂಚಕಾರ ತರಬಹುದು. ಹಸಿರು ಕಾರ್ಡ್ ಉಳ್ಳವರು ಆ ಕಾರ್ಡ್ ತೋರಿಸಿ ಅಮೆರಿಕಕ್ಕೆ ಮರಳಬಹುದು; ಆದರೆ ನಡುವಿನ ದೇಶಗಳು ಪಾಸ್‌ಪೋರ್ಟ್ ಕೇಳುವ ಸಂಭವವಿದೆ.

ಪಾಸ್‌ಪೋರ್ಟ್ ಕಳೆದುಕೊಂಡರೆ ಭಾರತದ ದೂತಾವಾಸ ಕೊಡುವ ತುರ್ತು ಪ್ರಮಾಣಪತ್ರ ಭಾರತಕ್ಕೆ ಮರಳಲು ಮಾತ್ರ ಸಲ್ಲುತ್ತದೆ. ಅದನ್ನು ಹಿಡಿದು ಮಗನ ಮನೆಗೆ ಹೋಗಿ ಪೆಟ್ಟಿಗೆ ತರುವೆನೆಂದರೆ ಆಗದು. ಹೊಸ ಪಾಸ್‌ಪೋರ್ಟ್ ಮಾಡಿಸಿದರೂ ಅದರಲ್ಲಿ ಹಳೆಯ ವೀಸಾ ಇರುವುದಿಲ್ಲ. ಮೇಲಾಗಿ ಕ್ಯಾರಿಬಿಯನ್‌ನ ಪ್ರತಿ ದ್ವೀಪದಲ್ಲೂ ಭಾರತದ ಕಚೇರಿ ಇಲ್ಲ.

ಹಾಗಾದರೆ ಊರು ನೋಡಲು ಇಳಿದಾಗ ಪಾಸ್‌ಪೋರ್ಟನ್ನು ಕಿಸೆಯಲ್ಲಿಟ್ಟು ತಿರುಗಬೇಕೆ? ಆ ಬಂದರಿನವರು ಕೇಳದಿದ್ದರೆ ಅದನ್ನು ಹಡಗಿನ ಕೋಣೆಯ ಬೀಗದ ಪೆಟ್ಟಿಗೆಯಲ್ಲಿಟ್ಟು, ನಕಲು ಪ್ರತಿಯನ್ನು ಜತೆಗೊಯ್ಯುವುದು ಅನುಭವಿಗಳ ರೂಢಿ. ಹೊರಡುವ ವೇಳೆಗೆ ಬಾರದವರ ಪಾಸ್‌ಪೋರ್ಟನ್ನು ಕೋಣೆಯಿಂದ ತೆಗೆದು ಬಂದರಿನ ಏಜೆಂಟರಿಗೆ ಕೊಟ್ಟುಹೋಗುವ ಪದ್ಧತಿ ಅನೇಕ ಹಡಗುಗಳಲ್ಲಿದೆ. ಆದರೆ ಮನೆಯ ಬೀರುವಿನಲ್ಲಿ ಬಿಟ್ಟುಬಂದ ಪಾಸ್‌ಪೋರ್ಟನ್ನು ಯಾವ ಕ್ಯಾಪ್ಟನ್ ತಂದುಕೊಟ್ಟಾನು?

ಎಲ್ಲವೂ ಗೊತ್ತುಮಾಡಿದಂತೆ ನಡೆದರೆ ಅಮೆರಿಕದ ಪ್ರಜೆಗೆ ಆ ಪುಸ್ತಿಕೆ ಬೇಕಾಗುವುದಿಲ್ಲ ಎಂಬುದು ನಿಜ. ಹಡಗಿನಲ್ಲಿ ಪ್ರಾಣರಕ್ಷಕ ಅಂಗಿಯೂ ಹಾಗೆಯೇ ಬೇಕಾಗುವುದಿಲ್ಲ. ಆದರೂ ಅದಿಲ್ಲದೆ ಯಾವ ಹಡಗೂ ಲಂಗರು ಎತ್ತುವುದಿಲ್ಲ.