ಯಜಮಾನರು ಗಲ್ಫಿನಲ್ಲಿ, ಮನೆ ಊರಿನಲ್ಲಿ: ವಿಮೆ ಮಾಡಿದ್ದೀರಾ?



ನಂದಿಕೂರಿನ ಸುತ್ತಮುತ್ತ ಗಲ್ಫ್ ದುಡಿಮೆಯಿಂದ ಕಟ್ಟಿದ ಮನೆಗಳು ಬೇಕಾದಷ್ಟು ಉಂಟು. ಯಜಮಾನರು ದುಬೈ, ಕುವೈತಿನಲ್ಲಿ. ಮನೆ ಕಾಯುವವರು ನಾವು. 2020ರ ಸೆಪ್ಟೆಂಬರ್ ನೆರೆ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಹಾನಿ ಮಾಡಿದವು. ವರ್ಷಗಟ್ಟಲೆ ದುಡಿದದ್ದು ಒಂದೇ ಮಳೆಗೆ ಹೋಗಬಾರದಲ್ಲವೇ?

2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಮರ ಬಿದ್ದು ಆಗುವ ಹಾನಿ ಇದರಲ್ಲಿ ಸೇರುತ್ತದೆ. ಜಾಗದ ಬೆಲೆ ಲೆಕ್ಕಕ್ಕಿಲ್ಲ. ಮನೆ ಪುನಃ ಕಟ್ಟಲು ತಗಲುವ ಖರ್ಚಿಗೆ ವಿಮೆ. ಸಾಮಾನುಗಳನ್ನೂ ಸೇರಿಸಿದರೆ ಅವಕ್ಕೆ ಆ ಮೊತ್ತದ ಶೇ. 20, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ ರಕ್ಷಣೆ ಉಂಟು. ಚಿನ್ನಕ್ಕೆ ಬೇರೆಯಾಗಿ ಕೇಳಿ ಸೇರಿಸಬೇಕು.

ಕಳ್ಳತನಕ್ಕೆ? ನೆರೆ, ಬೆಂಕಿಯಂಥ ಅವಘಡದಿಂದಾಗಿ 7 ದಿನದೊಳಗೆ ಕಳವಾದರೆ ಮಾತ್ರ ಸಿಗುತ್ತದೆ. ಸುಮ್ಮನೆ ಬೀಗ ಒಡೆದು ಕದ್ದರೆ ಇಲ್ಲ. ಅದಕ್ಕೆ ಬೇರೆ ಕಳ್ಳತನ ವಿಮೆ ಬೇಕು.

ಮನೆಯ ದಾಖಲೆ ಯಾರ ಹೆಸರಲ್ಲಿ ಉಂಟೋ, ಪಾಲಿಸಿಯೂ ಅವರ ಹೆಸರಲ್ಲೇ ಇರಲಿ. ನೀವೂ ಮಕ್ಕಳನ್ನು ಕರ್ಕೊಂಡು ಗಲ್ಫಿಗೆ ಹೋಗುವುದಾದರೆ ಕಂಪೆನಿಗೆ ಮೊದಲೇ ಬರೆದು ತಿಳಿಸಿ. ಸತತ 30 ದಿನ ಮೀರಿ ಖಾಲಿ ಬಿಟ್ಟ ಮನೆಗೆ ರಕ್ಷಣೆ ನಿಲ್ಲುವ ಷರತ್ತು ಕೆಲವು ಪಾಲಿಸಿಗಳಲ್ಲಿ ಉಂಟು.

ಪಾಲಿಸಿಯ ಜೆರಾಕ್ಸ್, ಮನೆಯ ಫೋಟೋ ನಿಮ್ಮ ಕೈಯಲ್ಲೂ ಇರಲಿ. ಹಾನಿಯಾದರೆ ಕೂಡಲೇ ಕಂಪೆನಿಗೆ ತಿಳಿಸಿ. ಫೋಟೋ ತೆಗೆಯದೆ ರಿಪೇರಿಗೆ ಕೈಹಾಕಬೇಡಿ.

ಪಾಲಿಸಿ ಇದ್ದವರು ಮುಂದಿನ ವಾರದ ಸಭೆಗೆ ತನ್ನಿ. ಒಟ್ಟಿಗೆ ಕೂತು ಓದುವ.