ಮೈಸೂರು–ಹುಬ್ಬಳ್ಳಿ: ಆಕಾಶದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಸಿಗುತ್ತೆ. ಇದನ್ನ ನಾವೆಲ್ಲ ಹೈಸ್ಕೂಲಲ್ಲೇ ಕಲಿತಿದ್ದೀವಿ. ಆದರೆ ಸಣ್ಣ ಊರುಗಳ ನಡುವಿನ ವಿಮಾನಕ್ಕೆ ಈ ಲೆಕ್ಕ ಹಾಕಿದರೆ, ಟಿಕೆಟ್‌ನಲ್ಲಿ ಬರೆದಿರೋ ಸಮಯಕ್ಕೂ ನಮ್ಮ ಉತ್ತರಕ್ಕೂ ತಾಳೆ ಆಗಲ್ಲ. ಯಾಕೆ? ಮೈಸೂರು–ಹುಬ್ಬಳ್ಳಿಯನ್ನೇ ತಗೊಂಡು ನೋಡೋಣ.

ಮೊದಲು ದೂರ. ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೂ ಹುಬ್ಬಳ್ಳಿ ನಿಲ್ದಾಣಕ್ಕೂ ಅಕ್ಷಾಂಶದಲ್ಲಿ ಸುಮಾರು 3.13 ಡಿಗ್ರಿ ವ್ಯತ್ಯಾಸ. ಒಂದು ಡಿಗ್ರಿಗೆ 111 ಕಿ.ಮೀ. ಅಂತ ಹಿಡಿದರೆ ಉತ್ತರಕ್ಕೆ 347 ಕಿ.ಮೀ. ರೇಖಾಂಶದಲ್ಲಿ 1.57 ಡಿಗ್ರಿ ವ್ಯತ್ಯಾಸ. ನಮ್ಮ ಭಾಗದಲ್ಲಿ ಇದರ ಒಂದು ಡಿಗ್ರಿ 108 ಕಿ.ಮೀ. ಆಗೋದ್ರಿಂದ ಪಶ್ಚಿಮಕ್ಕೆ 170 ಕಿ.ಮೀ. ಭೂಮಿ ಗುಂಡಗಿದ್ದರೂ ಇಷ್ಟು ಕಡಿಮೆ ದೂರಕ್ಕೆ ಪೈಥಾಗೊರಸ್ ಸಾಕು: ಸುಮಾರು 386 ಕಿ.ಮೀ.

ಇಂಥ ಮಾರ್ಗಗಳಲ್ಲಿ ಹೆಚ್ಚಾಗಿ ಕಾಣೋದು ಎಟಿಆರ್ 72 ಅನ್ನೋ ಪ್ರೊಪೆಲ್ಲರ್ ವಿಮಾನ. ಮೇಲೆ ಹೋದ ಮೇಲೆ ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ 46 ನಿಮಿಷ.

ಆದರೆ ವಿಮಾನ ಹೊರಟ ತಕ್ಷಣ 500ರಲ್ಲಿ ಓಡಲ್ಲ. ರನ್‌ವೇ ತುದಿಗೆ ನಿಧಾನವಾಗಿ ಹೋಗಬೇಕು, ಏರುವಾಗ ವೇಗ ಕಡಿಮೆ, ಇಳಿಯುವಾಗಲೂ ಕಡಿಮೆ. ಗಾಳಿಗೆ ಎದುರಾಗಿ ಇಳಿಯೋಕೆ ಕೆಲವೊಮ್ಮೆ ಸುತ್ತು ಹಾಕಬೇಕು. 50 ಕಿ.ಮೀ. ವೇಗದ ಎದುರುಗಾಳಿ ಇದ್ದರೆ 46 ನಿಮಿಷ 51 ಆಗುತ್ತೆ. ಟಿಕೆಟ್‌ನಲ್ಲಿರೋದು ‘ಬ್ಲಾಕ್ ಟೈಮ್’, ಅಂದರೆ ನಿಂತ ಜಾಗ ಬಿಟ್ಟಾಗಿನಿಂದ ಇನ್ನೊಂದು ಕಡೆ ಬಂದು ನಿಲ್ಲೋವರೆಗಿನ ಸಮಯ. ಎಲ್ಲಾ ಸೇರಿಸಿದರೆ ನಮ್ಮ ಅಂದಾಜಿಗೆ ಒಂದು ಗಂಟೆ ದಾಟುತ್ತೆ.

ಹಾಗಾದರೆ ಜೆಟ್ ಹಾಕಬಹುದಲ್ವಾ? ಗಂಟೆಗೆ 830 ಕಿ.ಮೀ. ಲೆಕ್ಕದಲ್ಲಿ 28 ನಿಮಿಷ ಸಾಕಲ್ಲ! ಆದರೆ ಇಷ್ಟು ದೂರದಲ್ಲಿ ಜೆಟ್ ಏರಿ ಮುಗಿಸೋ ಹೊತ್ತಿಗೆ ಇಳಿಯೋಕೆ ಶುರು ಮಾಡಬೇಕು. ಉಳಿಯೋದು ಕೆಲವೇ ನಿಮಿಷ, ಸುಡೋ ಇಂಧನ ಮಾತ್ರ ಜಾಸ್ತಿ. ಮೇಲಾಗಿ ಮೈಸೂರಿನ ರನ್‌ವೇ 1,740 ಮೀಟರ್. ಎಟಿಆರ್‌ಗೆ ಧಾರಾಳ, ದೊಡ್ಡ ಜೆಟ್‌ಗೆ ಇಕ್ಕಟ್ಟು.

ಇನ್ನು ಮನೆಯಿಂದ ಮನೆಗೆ ಲೆಕ್ಕ ಹಾಕಿ. ನಿಲ್ದಾಣಕ್ಕೆ ಹೋಗೋದು, ಒಂದೂವರೆ ಗಂಟೆ ಮುಂಚೆ ಇರೋದು, ಇಳಿದು ಊರೊಳಗೆ ಹೋಗೋದು ಸೇರಿದರೆ ಮೂರೂವರೆ ಗಂಟೆ. ಅದರಲ್ಲಿ ಹಾರಾಟ ಮೂರನೇ ಒಂದು ಭಾಗ ಅಷ್ಟೇ. ಅಂದರೆ ಸಣ್ಣ ಮಾರ್ಗದಲ್ಲಿ ಸಮಯ ಉಳಿಸಬೇಕಾದರೆ ವೇಗದ ವಿಮಾನಕ್ಕಿಂತ ಹತ್ತಿರದ ನಿಲ್ದಾಣ, ಚಿಕ್ಕ ಕ್ಯೂ, ಸರಿಯಾದ ಹೊತ್ತಿಗೆ ಸಿಟಿ ಬಸ್ಸು ಮುಖ್ಯ.

ಇದು ಬರೀ ಲೆಕ್ಕದ ಮಾತಲ್ಲ. 2017ರಲ್ಲಿ ಹಾರಾಟ ಶುರುವಾದ ಉಡಾನ್ ಯೋಜನೆಯಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ ಒಂದಷ್ಟು ಸೀಟುಗಳ ದರಕ್ಕೆ 2,500 ರೂಪಾಯಿ ಮಿತಿ ಇಟ್ಟರು. ಏರ್‌ಲೈನ್‌ಗೆ ಸಿಗ್ತಿದ್ದ ಸಹಾಯಧನ ಮೂರು ವರ್ಷ. ಆಮೇಲೆ ಸೀಟು ತುಂಬದಿದ್ದರೆ ಮಾರ್ಗ ನಿಲ್ಲುತ್ತೆ. ಹಾಗೆ ನಿಂತವು ದೇಶದಲ್ಲಿ ಕಮ್ಮಿಯಿಲ್ಲ. ಹಬ್ಬಕ್ಕೆ ಊರಿಗೆ ಹೋಗೋ ನಮ್ಮಂಥವರಿಗೆ ರಾತ್ರಿ ರೈಲೇ ಸರಿ. ಆದರೆ ಬೆಳಗ್ಗೆ ಫೋನ್ ಬಂದು, ಮಧ್ಯಾಹ್ನದೊಳಗೆ ಅಜ್ಜಿಯನ್ನ ನೋಡೋಕೆ ಆಸ್ಪತ್ರೆಗೆ ತಲುಪಲೇಬೇಕಾದವರಿಗೆ ಆ ಮೂರೂವರೆ ಗಂಟೆಗೆ ಬೇರೆ ಸಾಟಿ ಇಲ್ಲ.